ಚುಕ್ಕಾಣಿ ಹಿಡಿಯುವ ಯಂತ್ರ ದಾರಿ ತಪ್ಪಿದಾಗ

ಗೋವಾದಿಂದ ಕೊಚ್ಚಿಗೆ ಹಾಯಿದೋಣಿ ಒಯ್ಯುವವರು ಕಾರವಾರ, ನೇತ್ರಾಣಿ ದಾಟಿ ಮಲ್ಪೆಯ ನೇರಕ್ಕೆ ಬರುವಷ್ಟರಲ್ಲಿ ಒಂದು ರಾತ್ರಿ ಕಳೆದಿರುತ್ತದೆ. ದೋಣಿಯಲ್ಲಿ ಇಬ್ಬರೋ ಮೂವರೋ ಇದ್ದು, ಎಲ್ಲರಿಗೂ ನಿದ್ದೆ ಕಡಿಮೆಯಾಗಿರುತ್ತದೆ. ಬೆಳಗಿನ ಮಂದ ಗಾಳಿಯಲ್ಲಿ ನೆಟ್ಟಗೆ ನಡೆದ ಆಟೋಪೈಲಟ್ ಮಧ್ಯಾಹ್ನ ವಾಯವ್ಯದ ಗಾಳಿ ಬಲಿತ ಕೂಡಲೇ ತೊಂದರೆ ಕೊಡತೊಡಗುತ್ತದೆ. ದೋಣಿಯ ಮೂತಿ ಎಡಕ್ಕೆ ಇಪ್ಪತ್ತು ಡಿಗ್ರಿ, ಬಲಕ್ಕೆ ಇಪ್ಪತ್ತು ಡಿಗ್ರಿ ಹೊಯ್ದಾಡುತ್ತದೆ, ಎಚ್ಚರಿಕೆಯ ಗಂಟೆ ಕೂಗುತ್ತದೆ, ಕೊನೆಗೆ ಪರದೆಯೇ ಆರಿಹೋಗುತ್ತದೆ. ‘ಯಂತ್ರ ಕೆಟ್ಟಿತು, ಹೊಸದು ತರಿಸಬೇಕು’ ಎಂದು ಆಗ ಯಾರಿಗಾದರೂ ಅನ್ನಿಸುತ್ತದೆ.

ಹಣ ಖರ್ಚು ಮಾಡುವ ಮೊದಲು ಸ್ವಲ್ಪ ತಡೆಯಿರಿ. ಚುಕ್ಕಾಣಿ ಚಕ್ರಕ್ಕೆ ಜೋಡಿಸುವ ಸಣ್ಣ ಆಟೋಪೈಲಟ್‌ಗಳಲ್ಲಿ ಕೆಟ್ಟಂತೆ ಕಾಣುವುದು ಒಂದು, ನಿಜವಾಗಿ ಕೆಟ್ಟಿರುವುದು ಇನ್ನೊಂದು. ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಕೊನೆಗೆ ನೋಡಬೇಕು. ಮೊದಲು ಹಾಯಿ, ಆಮೇಲೆ ಚಕ್ರ, ಬ್ಯಾಟರಿ, ಬೆಲ್ಟ್, ದಿಕ್ಸೂಚಿಯ ಸುತ್ತಲಿನ ಕಬ್ಬಿಣ. ಈ ಕ್ರಮ ಬಿಟ್ಟು ನೇರವಾಗಿ ಸೆಟ್ಟಿಂಗ್‌ಗಳಿಗೆ ಕೈಹಾಕಿದರೆ ಇರುವ ದೋಷದ ಮೇಲೆ ಇನ್ನೊಂದು ದೋಷ ಸೇರಿಕೊಳ್ಳುತ್ತದೆ.

ಕರಾವಳಿಯಲ್ಲಿ ಹಾಯಿದೋಣಿಯ ಕಡೆ ಆಸಕ್ತಿ ಹುಟ್ಟಲು ಕಾರಣಗಳಿವೆ. ಜಗತ್ತನ್ನೇ ಸುತ್ತಿಬಂದ ನೌಕಾಪಡೆಯ ‘ಮಾದೇಯಿ’ ಮತ್ತು ‘ತಾರಿಣಿ’ ಎರಡೂ ಪಕ್ಕದ ಗೋವಾದಲ್ಲೇ ಕಟ್ಟಿದ ದೋಣಿಗಳು. ಆರು ಮಂದಿ ಮಹಿಳಾ ಅಧಿಕಾರಿಗಳು 2017–18ರಲ್ಲಿ ತಾರಿಣಿಯಲ್ಲಿ ಭೂಮಿ ಸುತ್ತಿದಾಗ, ಚುಕ್ಕಾಣಿ ವ್ಯವಸ್ಥೆಯ ತೊಂದರೆಯಿಂದ ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ನಿಲ್ಲಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಹೊರಟು 2025ರ ಮೇ ತಿಂಗಳಲ್ಲಿ ಮರಳಿದ, ತಾರಿಣಿಯ ಎರಡನೇ ಭೂಪ್ರದಕ್ಷಿಣೆಯಲ್ಲಿ ಇದ್ದವರು ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ. ಜನ ಕಡಿಮೆಯಾದಷ್ಟೂ ಚುಕ್ಕಾಣಿಯ ಆರೋಗ್ಯದ ಬೆಲೆ ಹೆಚ್ಚು.

ಯಂತ್ರ ಮಾಡುವುದೇನು

ದೋಣಿಯ ದಿಕ್ಕು ತಿಳಿಯಲು ಒಂದು ವಿದ್ಯುತ್ ದಿಕ್ಸೂಚಿ, ನೀವು ಹೇಳಿದ ದಿಕ್ಕಿಗೂ ಇರುವ ದಿಕ್ಕಿಗೂ ಎಷ್ಟು ಅಂತರವೆಂದು ಲೆಕ್ಕ ಹಾಕಲು ಒಂದು ಪೆಟ್ಟಿಗೆ, ಚಕ್ರ ತಿರುಗಿಸಲು ಒಂದು ಮೋಟಾರು. ಮೋಟಾರು ಹಲ್ಲಿನ ಬೆಲ್ಟಿನ ಮೂಲಕ ಚಕ್ರದ ಕಡ್ಡಿಗಳಿಗೆ ಬಿಗಿದ ಉಂಗುರವನ್ನು ತಿರುಗಿಸುತ್ತದೆ. ಪಕ್ಕದಲ್ಲಿರುವ ಕ್ಲಚ್ ಲಿವರ್ ಹಾಕಿದರೆ ಹಿಡಿತ ಯಂತ್ರಕ್ಕೆ, ತೆಗೆದರೆ ನಿಮಗೆ.

ನಿಕೊಲಾಸ್ ಮಿನೋರ್ಸ್ಕಿ ಎಂಬ ಎಂಜಿನಿಯರ್ 1922ರಲ್ಲಿ ಹಡಗಿನ ಸ್ವಯಂಚಾಲಿತ ಚುಕ್ಕಾಣಿಯ ಮೇಲೆ ಬರೆದ ಪ್ರಬಂಧಕ್ಕೆ ಆಧಾರವಾದದ್ದು ನುರಿತ ಚುಕ್ಕಾಣಿಗರ ಕೈಚಳಕ. ಒಳ್ಳೆಯ ತಾಂಡೇಲನು ದೋಣಿ ಈಗ ಎಷ್ಟು ತಪ್ಪಿದೆ ಎಂದಷ್ಟೇ ನೋಡುವುದಿಲ್ಲ. ಎಷ್ಟು ಬೇಗ ತಪ್ಪುತ್ತಿದೆ, ಎಷ್ಟು ಹೊತ್ತಿನಿಂದ ಒಂದೇ ಕಡೆ ಎಳೆಯುತ್ತಿದೆ ಎಂಬುದನ್ನೂ ಗಮನಿಸುತ್ತಾನೆ. ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪಿಐಡಿ ನಿಯಂತ್ರಣ ಎಂದು ಓದುವ ಪಾಠ ಇದೇ. ಯಂತ್ರಕ್ಕೆ ಕಣ್ಣಿಲ್ಲ, ಹಿಂದಿನಿಂದ ಬರುವ ಅಲೆ ಅದಕ್ಕೆ ಕಾಣದು. ದೋಣಿ ತಿರುಗಿದ ಮೇಲಷ್ಟೇ ಅದಕ್ಕೆ ತಿಳಿಯುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ನಮ್ಮ ವಾಯವ್ಯದ ಗಾಳಿ, ಅಲೆ ಎರಡೂ ಹಿಂಬದಿಯ ಓರೆಯಿಂದ ಬರುತ್ತವೆ. ಯಾವ ಆಟೋಪೈಲಟ್‌ಗೂ ಇದೇ ಅತಿ ಕಷ್ಟದ ದಿಕ್ಕು.

ಚಕ್ರದ ಪೈಲಟ್ ಹುಟ್ಟಾ ಸಣ್ಣ ಶಕ್ತಿಯದು ಎಂಬುದೂ ನೆನಪಿರಲಿ. ರೇಮರೀನ್ ಕಂಪನಿ ತನ್ನ ಇವಿ-100 ಚಕ್ರದ ಪೈಲಟ್‌ಗೆ ಇಟ್ಟಿರುವ ಮಿತಿ ಸಾಮಾನು ತುಂಬಿದ ಮೇಲೆ 7,500 ಕಿಲೋ ತೂಗುವ ದೋಣಿ. ಬರಿ ದೋಣಿಯ ತೂಕ ನೋಡಿ ಕೊಂಡು, ನೀರು, ಡೀಸೆಲ್, ಸರಪಳಿ, ಎರಡನೇ ಲಂಗರು ಎಲ್ಲ ತುಂಬಿದರೆ ಆ ಮಿತಿ ಮೀರುವುದು ಕಷ್ಟವೇನಲ್ಲ.

ಮೊದಲು ಕಿವಿಗೊಡಿ

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಚಕ್ರದ ಹತ್ತಿರ ಕುಳಿತು ಎರಡು ನಿಮಿಷ ಕೇಳಿ. ಸದ್ದಿನಲ್ಲೇ ಅರ್ಧ ಉತ್ತರ ಸಿಗುತ್ತದೆ.

ಮೋಟಾರು ಗುರ್ರೆನ್ನುತ್ತದೆ, ಚಕ್ರ ಮಾತ್ರ ಅಲ್ಲಾಡುವುದಿಲ್ಲ ಎಂದಾದರೆ ಬೆಲ್ಟ್ ಅಥವಾ ಕ್ಲಚ್ ಜಾರುತ್ತಿದೆ. ಪರದೆ ಸರಿಯಾಗಿದೆ, ಮೋಟಾರಿನದು ಸದ್ದೇ ಇಲ್ಲ ಎಂದಾದರೆ ಫ್ಯೂಸ್, ಮೋಟಾರಿಗೆ ಹೋಗುವ ತಂತಿ ಅಥವಾ ಸವೆದ ಕಾರ್ಬನ್ ಬ್ರಷ್. ಗಾಳಿ ಜೋರಾದಾಗ ಪರದೆ ಆರಿ ಮತ್ತೆ ಹೊತ್ತಿದರೆ ವಿದ್ಯುತ್ ಸಾಲುತ್ತಿಲ್ಲ. ಮೋಟಾರು ನಿಲ್ಲದೆ ಎಡಕ್ಕೂ ಬಲಕ್ಕೂ ಓಡುತ್ತಿದ್ದರೆ ಸ್ಟಿಯರಿಂಗ್ ಸಡಿಲವಿರಬೇಕು, ಇಲ್ಲವೇ ಸೆಟ್ಟಿಂಗ್ ಅತಿಯಾಗಿರಬೇಕು. ಚಕ್ರವನ್ನು ಒಂದೇ ಕಡೆಗೆ ಕೊನೆವರೆಗೂ ತಿರುಗಿಸಿ ಅಲ್ಲೇ ನಿಂತರೆ ದಿಕ್ಸೂಚಿಯ ಮಾಹಿತಿ ತಪ್ಪಿದೆ, ಅಥವಾ ಮೋಟಾರಿನ ಎರಡು ತಂತಿಗಳು ಅದಲುಬದಲಾಗಿವೆ. ವೈರ್‌ಲೆಸ್‌ನಲ್ಲಿ ಮಾತನಾಡಲು ಗುಂಡಿ ಒತ್ತಿದ ಕ್ಷಣವೇ ದೋಣಿ ದಿಕ್ಕು ಬದಲಿಸಿದರೆ ರೇಡಿಯೊ ಅಲೆ ಪೈಲಟ್‌ನ ತಂತಿಗೆ ನುಗ್ಗುತ್ತಿದೆ. ಆಂಟೆನಾ ತಂತಿಯಿಂದ ಪೈಲಟ್‌ನ ತಂತಿಯನ್ನು ಒಂದು ಮೀಟರಾದರೂ ದೂರ ಎಳೆಯಬೇಕು.

ಹಂತ ಹಂತವಾಗಿ ಹುಡುಕುವ ಕ್ರಮ

1. ಕ್ಲಚ್ ಬಿಡಿಸಿ ನೀವೇ ಚಕ್ರ ಹಿಡಿಯಿರಿ. ದೋಣಿ ಗಾಳಿಯ ಕಡೆಗೆ ಎಳೆಯುತ್ತಿದೆಯೇ? ನೇರ ಇಡಲು ಎರಡೂ ಕೈಯ ಬಲ ಬೇಕೇ? ನಿಮ್ಮ ತೋಳಿಗೆ ಭಾರವಾದದ್ದು ಆ ಪುಟ್ಟ ಮೋಟಾರಿಗೂ ಭಾರವೇ. ಮುಖ್ಯ ಹಾಯಿಯನ್ನು ಒಂದು ಪಟ್ಟು ಇಳಿಸಿ, ಅದರ ಹಗ್ಗ ಸಡಿಲಿಸಿ, ಮುಂದಿನ ಹಾಯಿಗೆ ಹೆಚ್ಚು ಕೆಲಸ ಕೊಡಿ. ಚಕ್ರ ಎರಡೇ ಬೆರಳಲ್ಲಿ ನಿಲ್ಲುವಂತಾದ ಮೇಲೆ ಪೈಲಟ್ ಹಾಕಿ ನೋಡಿ. ಅರ್ಧದಷ್ಟು ದೂರುಗಳು ಇಲ್ಲೇ ಮುಗಿಯುತ್ತವೆ ಎಂಬುದು ನನ್ನ ಬಲವಾದ ನಂಬಿಕೆ. ಹಾಯಿ ಇಳಿಸಿದರೆ ವೇಗ ಹೋಗುತ್ತದೆ ಎಂದು ಹೆದರುವವರಿದ್ದಾರೆ. ಹೊಯ್ದಾಡುತ್ತ ಓಡುವ ದೋಣಿಗಿಂತ ನೇರ ಹೋಗುವ ದೋಣಿ ಬೇಗ ತಲುಪುತ್ತದೆ.

2. ಸ್ಟಿಯರಿಂಗ್‌ನ ಸಡಿಲ ನೋಡಿ. ಇದನ್ನು ಲಂಗರು ಹಾಕಿದಾಗ ಮಾಡಿ. ಒಬ್ಬರು ಕೆಳಗೆ ಚುಕ್ಕಾಣಿಯ ದಂಡವನ್ನು ಅಲುಗದಂತೆ ಹಿಡಿಯಲಿ, ಇನ್ನೊಬ್ಬರು ಚಕ್ರ ಆಡಿಸಲಿ. ಚಕ್ರದ ಅಂಚು ಒಂದೆರಡು ಬೆರಳಿಗಿಂತ ಹೆಚ್ಚು ಸುಮ್ಮನೆ ಆಡಿದರೆ ಉಕ್ಕಿನ ಕೇಬಲ್ ಬಿಗಿ ಮಾಡಬೇಕು. ಸ್ಟಿಯರಿಂಗ್ ಸಡಿಲಾದ ಹಳೆಯ ಜೀಪನ್ನು ಓಡಿಸಿದವರಿಗೆ ಗೊತ್ತಿರುವಂತೆ, ತಿರುಗಿಸಿದ್ದರಲ್ಲಿ ಒಂದು ಪಾಲು ವ್ಯರ್ಥವಾಗುತ್ತದೆ, ಆಮೇಲೆ ಒಮ್ಮೆಲೇ ಹೆಚ್ಚಾಗುತ್ತದೆ. ಯಂತ್ರವೂ ಹಾಗೆಯೇ ಹಿಂದೆ ಮುಂದೆ ಓಡುತ್ತದೆ. ಕೇಬಲಿನ ಎಳೆ ಒಂದಾದರೂ ಹರಿದಿದ್ದರೆ ಬಿಗಿ ಮಾಡುವ ಪ್ರಶ್ನೆಯೇ ಇಲ್ಲ, ಬದಲಿಸಿ.

3. ವೋಲ್ಟೇಜನ್ನು ಕೆಲಸ ನಡೆಯುವಾಗ ಅಳೆಯಿರಿ. ಸುಮ್ಮನಿರುವ, ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸುತ್ತದೆ. ಅದನ್ನು ನೋಡಿ ಸಮಾಧಾನಪಡಬೇಡಿ. ಮೋಟಾರು ತಿರುಗುತ್ತಿರುವಾಗಲೇ ಬ್ಯಾಟರಿಯ ಕಂಬಗಳಲ್ಲಿ ಒಮ್ಮೆ, ಪೈಲಟ್ ಪೆಟ್ಟಿಗೆಗೆ ತಂತಿ ಸೇರುವಲ್ಲಿ ಒಮ್ಮೆ ಮಲ್ಟಿಮೀಟರ್ ಇಡಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದಾರಿಯಲ್ಲೆಲ್ಲೋ ವೋಲ್ಟೇಜ್ ನಷ್ಟವಾಗುತ್ತಿದೆ. ಮಾರ್ಗದ ಪ್ರತಿ ಜೋಡಣೆಯನ್ನೂ ಬಿಚ್ಚಿ ನೋಡಿ. ಉಪ್ಪುಗಾಳಿಗೆ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ; ಕೆಲವೊಮ್ಮೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಒಂದು ಗೇಣು ಒಳಗಿನವರೆಗೆ ಎಳೆ ಕಪ್ಪಾಗಿರುತ್ತದೆ. ಕಪ್ಪಾದಷ್ಟನ್ನೂ ಕತ್ತರಿಸಿ, ತವರ ಲೇಪದ ತಂತಿ ಹಾಕಿ. ಪೈಲಟ್ ಓಡುತ್ತಿರುವಾಗ ಎಂಜಿನ್ ಸ್ಟಾರ್ಟ್ ಮಾಡಿದರೆ ಪರದೆ ಆರುತ್ತದೆಯೇ? ಹಾಗಿದ್ದರೆ ಎರಡೂ ಒಂದೇ ಬ್ಯಾಟರಿಯಲ್ಲಿವೆ, ಬೇರೆ ಮಾಡಿ.

ಈ ಹಂತಕ್ಕೆ ಬೋಟಿನ ಎಲೆಕ್ಟ್ರಾನಿಕ್ಸ್ ತಜ್ಞರನ್ನೇ ಹುಡುಕಬೇಕಿಲ್ಲ. ಉಡುಪಿಯಲ್ಲಾಗಲಿ ಕಾರ್ಕಳದಲ್ಲಾಗಲಿ ಬಸ್ಸು, ಲಾರಿಗಳ ವೈರಿಂಗ್ ಮಾಡಿ ಪಳಗಿದ ಆಟೋ ಎಲೆಕ್ಟ್ರಿಷಿಯನ್ ಸಾಕು. ಅವರಿಗೆ ಒಂದು ಮಾತು ಮಾತ್ರ ಮೊದಲೇ ಹೇಳಿ: ದೋಣಿಯಲ್ಲಿ ಬಾಡಿ ಅರ್ತ್ ಇಲ್ಲ, ಪ್ಲಸ್ಸಿಗೂ ಮೈನಸ್ಸಿಗೂ ಎರಡು ಬೇರೆ ತಂತಿ ಬೇಕು.

4. ಬೆಲ್ಟ್ ಮತ್ತು ಕ್ಲಚ್. ಮುಚ್ಚಳ ತೆಗೆದಾಗ ಕಪ್ಪು ಪುಡಿ ಕಂಡರೆ ಬೆಲ್ಟ್ ಸವೆಯುತ್ತಿದೆ ಎಂದರ್ಥ. ಹಲ್ಲು ಉದುರಿದೆಯೇ, ಬಿರುಕಿದೆಯೇ ನೋಡಿ. ಹೊಸ ಬೆಲ್ಟೂ ಸ್ವಲ್ಪ ಎಳೆದುಕೊಂಡು ಜಾರಬಹುದು. ಅನೇಕ ಮಾದರಿಗಳಲ್ಲಿ ಲಿವರಿನ ಬುಡದಲ್ಲೇ ಬಿಗಿಮಾಡುವ ತಿರುಪು ಇದೆ. ಕ್ಲಚ್ ಹಾಕಿ ಕೈಯಿಂದ ಚಕ್ರ ಬಲವಾಗಿ ತಳ್ಳಿದಾಗ ಜಾರದಷ್ಟು ಬಿಗಿ ಇದ್ದರೆ ಸಾಕು, ಅದಕ್ಕಿಂತ ಹೆಚ್ಚು ಬಿಗಿದರೆ ಬೇರಿಂಗ್ ಹಾಳಾಗುತ್ತದೆ. ಯಂತ್ರದ ದೇಹ ಚಕ್ರದೊಂದಿಗೇ ತಿರುಗದಂತೆ ತಡೆಯುವ ಗೂಟ ಕಂಬಕ್ಕೆ ಭದ್ರವಾಗಿದೆಯೇ ನೋಡಿ. ಅದು ಸಡಿಲವಾದರೆ ಬೆಲ್ಟ್ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಒಳಗೆ ಸೇರಿದ ಉಪ್ಪನ್ನು ಸಿಹಿನೀರಿನ ಒದ್ದೆಬಟ್ಟೆಯಿಂದ ಒರೆಸಿ, ಒಣಗಿಸಿ ಮುಚ್ಚಿ.

5. ಮೋಟಾರನ್ನು ಬೇರೆಯಾಗಿ ಪರೀಕ್ಷಿಸಿ. ಪೆಟ್ಟಿಗೆಯಿಂದ ಮೋಟಾರಿನ ಎರಡು ತಂತಿ ಬಿಡಿಸಿ, ಕ್ಲಚ್ ತೆಗೆದು, ಫ್ಯೂಸ್ ಇರುವ ತಂತಿಯಿಂದ ನೇರವಾಗಿ 12 ವೋಲ್ಟ್ ಕೊಡಿ. ತಂತಿ ಅದಲುಬದಲು ಮಾಡಿದರೆ ಹಿಮ್ಮುಖವಾಗಿ ತಿರುಗಬೇಕು. ಎರಡೂ ಕಡೆ ಚೆನ್ನಾಗಿ ತಿರುಗಿತೆಂದರೆ ಮೋಟಾರಿನ ಮೇಲಿನ ಸಂಶಯ ಬಿಡಿ.

ದಿಕ್ಸೂಚಿ: ಹೆಚ್ಚು ಸಮಯ ಕೊಡಬೇಕಾದ ಜಾಗ

ಇಷ್ಟೆಲ್ಲ ಸರಿಯಿದ್ದೂ ದೋಣಿ ಒಂದು ದಿಕ್ಕಿನಲ್ಲಿ ನೆಟ್ಟಗೆ ಹೋಗಿ ಇನ್ನೊಂದು ದಿಕ್ಕಿನಲ್ಲಿ ಅಲೆದಾಡಿದರೆ ದಿಕ್ಸೂಚಿಯ ಪೆಟ್ಟಿಗೆಯನ್ನು ಹುಡುಕಿ. ಅದು ಸಾಮಾನ್ಯವಾಗಿ ದೋಣಿಯ ಹೊಟ್ಟೆಯಲ್ಲಿ, ನೀರಿನ ಮಟ್ಟಕ್ಕೆ ಹತ್ತಿರ, ಯಾವುದೋ ಕಪಾಟಿನ ಹಿಂದೆ ಇರುತ್ತದೆ. ಕಪಾಟಿನಲ್ಲಿ ಅದು ಇದೆಯೆಂದು ಗೊತ್ತಿಲ್ಲದವರು ಅಲ್ಲೇ ಸ್ಪ್ಯಾನರ್ ಡಬ್ಬಿ, ಟಿನ್ನಿನ ಆಹಾರ, ಬ್ಲೂಟೂತ್ ಸ್ಪೀಕರ್ ಇಟ್ಟಿರುತ್ತಾರೆ. ಕಬ್ಬಿಣ, ಅಯಸ್ಕಾಂತ ಯಾವುದೇ ಇರಲಿ, ಸುತ್ತ ಒಂದು ಮೀಟರ್ ಖಾಲಿ ಮಾಡಿ. ದೊಡ್ಡ ಕರೆಂಟ್ ಹರಿಯುವ ತಂತಿಯನ್ನೂ ದೂರವಿಡಿ.

ಯೂರೋಪಿನಿಂದ ಬಂದ ಹಳೆಯ ದೋಣಿ ಕೊಂಡವರಿಗೆ ಇಲ್ಲೊಂದು ವಿಶೇಷ ಸಂಗತಿಯಿದೆ. ಭೂಮಿಯ ಕಾಂತೀಯ ಸಮಭಾಜಕ ನಮ್ಮ ದಕ್ಷಿಣಕ್ಕೆ, ತಿರುವನಂತಪುರದ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ತುಂಬಾದಲ್ಲಿ ರಾಕೆಟ್ ಉಡಾವಣಾ ನೆಲೆ ಮಾಡಿದ್ದೂ ಅದೇ ಕಾರಣಕ್ಕೆ. ಹಾಗಾಗಿ ಉಡುಪಿಯ ಕಡಲಲ್ಲಿ ಕಾಂತಬಲ ಹೆಚ್ಚುಕಡಿಮೆ ಮಟ್ಟಸವಾಗಿದೆ. ಇಂಗ್ಲೆಂಡಿನಲ್ಲಿ ಅದು ನೆಲದೊಳಕ್ಕೆ ಕಡಿದಾಗಿ ಇಳಿಯುತ್ತದೆ, ಅಡ್ಡಡ್ಡ ಸಿಗುವ ಪಾಲು ಇಲ್ಲಿಯದರ ಅರ್ಧದಷ್ಟು ಮಾತ್ರ. ಅಲ್ಲಿ ತೂಕ ಹೊಂದಿಸಿದ ಮಾಮೂಲಿ ದಿಕ್ಸೂಚಿಯ ತಟ್ಟೆ ಇಲ್ಲಿ ವಾಲಿ ಕೂರುತ್ತದೆ, ಅಲ್ಲಿ ಮಾಡಿದ ತಿದ್ದುಪಡಿ ಪಟ್ಟಿ ಇಲ್ಲಿಗೆ ಹೊಂದುವುದಿಲ್ಲ. ಆಟೋಪೈಲಟ್‌ನ ನೆನಪಿನಲ್ಲಿರುವ ಹಳೆಯ ತಿದ್ದುಪಡಿಯನ್ನೂ ಅಳಿಸಿ ಹೊಸದಾಗಿ ಮಾಡಿಸಿ.

ವಿಧಾನ ಹೀಗೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗು ಇದಕ್ಕೆ ಚೆನ್ನ. ನೆಲದ ಗಾಳಿ ತಗ್ಗಿ ಕಡಲಗಾಳಿ ಏಳುವ ಮೊದಲಿನ ಆ ಹೊತ್ತಿನಲ್ಲಿ ನೀರು ಸಮವಾಗಿರುತ್ತದೆ. ಮಲ್ಪೆ ಬಂದರಿನ ಬಾಯಿ ಮತ್ತು ಸೇಂಟ್ ಮೇರಿಸ್ ದ್ವೀಪದ ನಡುವೆ ಬೋಟುಗಳ ಓಡಾಟ ಜಾಸ್ತಿ, ಅಲ್ಲಿ ಬೇಡ. ಕಾಪುವಿನ ಹೊರಗೆ ಮೂರು ನಾಟಿಕಲ್ ಮೈಲು ದೂರ ನಿಂತು, ಎಂಜಿನ್ ಮೇಲೆ 2 ನಾಟ್‌ಗಿಂತ ಕಡಿಮೆ ವೇಗದಲ್ಲಿ, ಒಂದು ಸುತ್ತಿಗೆ ಎರಡು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡು ನಿಧಾನವಾಗಿ ವೃತ್ತ ಸುತ್ತಿ. ಎರಡು ಸುತ್ತಾಗುವಷ್ಟರಲ್ಲಿ ಬಹಳ ಯಂತ್ರಗಳು ತಾವೇ ಲೆಕ್ಕ ಮುಗಿಸಿ ಎಷ್ಟು ಡಿಗ್ರಿ ದೋಷವೆಂದು ತೋರಿಸುತ್ತವೆ. 15 ಡಿಗ್ರಿ ಮೀರಿತೆಂದರೆ ದಿಕ್ಸೂಚಿಯನ್ನು ಬೇರೆ ಜಾಗಕ್ಕೆ ಸರಿಸಬೇಕು.

ಸುತ್ತಿದ ಮೇಲೂ ಒಂದು ಕೆಲಸ ಉಳಿಯುತ್ತದೆ, ಪೆಟ್ಟಿಗೆ ದೋಣಿಯ ನಡುಗೆರೆಗೆ ಸರಿಯಾಗಿ ಕೂತಿದೆಯೇ ಎಂದು ನೋಡುವುದು. ಇದಕ್ಕೆ ಕಾಪು ದೀಪಸ್ತಂಭಕ್ಕಿಂತ ಒಳ್ಳೆಯ ಗುರುತು ಈ ಭಾಗದಲ್ಲಿಲ್ಲ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಆ ಗೋಪುರ ಕಡಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ನಕ್ಷೆಯಲ್ಲಿ ಅದರ ಅಕ್ಷಾಂಶ ನೋಡಿಕೊಳ್ಳಿ. ಜಿಪಿಎಸ್‌ನಲ್ಲಿ ನಿಮ್ಮ ಅಕ್ಷಾಂಶ ಅದಕ್ಕೆ ನಿಮಿಷದ ನೂರನೇ ಭಾಗದವರೆಗೂ ಹೊಂದಿದಾಗ ಗೋಪುರ ನಿಮ್ಮ ನೇರ ಪೂರ್ವಕ್ಕಿರುತ್ತದೆ. ಆಗ ದೋಣಿಯ ಮೂತಿಯನ್ನು ಗೋಪುರಕ್ಕೇ ನೆಟ್ಟು ಪರದೆ ನೋಡಿ. ನಮ್ಮ ಕಡೆ ಕಾಂತೀಯ ಉತ್ತರ ನಿಜವಾದ ಉತ್ತರದಿಂದ ಪಶ್ಚಿಮಕ್ಕೆ ಒಂದೆರಡು ಡಿಗ್ರಿಯಷ್ಟೇ ಸರಿದಿರುವುದರಿಂದ 91 ಅಥವಾ 92 ತೋರಿಸಬೇಕು. 98 ಎಂದರೆ ಆರೇಳು ಡಿಗ್ರಿಯನ್ನು ಸೆಟ್ಟಿಂಗ್‌ನಲ್ಲಿ ಕಳೆಯಿರಿ. ನೋಡಿದ ಕೂಡಲೇ ಹೊರಕ್ಕೆ ತಿರುಗಿ. ಕಾಪುವಿನ ದಡದ ಹತ್ತಿರ ಬಂಡೆಗಳಿವೆ.

ಸೆಟ್ಟಿಂಗ್ ಕೊನೆಯಲ್ಲಿ

ಈಗ ಬೇಕಾದರೆ ಗುಂಡಿಗಳಿಗೆ ಬನ್ನಿ. ದಕ್ಕೆಯಲ್ಲಿ ಕಟ್ಟಿದಾಗಲೇ ಒಂದು ಪರೀಕ್ಷೆ ಮಾಡಿ: ಪೈಲಟ್ ಹಾಕಿ, ಪ್ಲಸ್ 10 ಒತ್ತಿ. ಚಕ್ರ ಬಲಕ್ಕೆ ತಿರುಗಬೇಕು. ಎಡಕ್ಕೆ ತಿರುಗಿದರೆ ತಂತಿ ಉಲ್ಟಾ.

‘ರಡ್ಡರ್ ಗೇನ್’ ಎಂದರೆ ಒಂದು ತಪ್ಪಿಗೆ ಎಷ್ಟು ಚಕ್ರ ತಿರುಗಿಸಬೇಕೆಂಬ ಅಳತೆ. ಹೆಚ್ಚಾದರೆ ದೋಣಿ ದಿಕ್ಕು ದಾಟಿ ಆ ಕಡೆ ಹೋಗುತ್ತದೆ, ಮತ್ತೆ ಈ ಕಡೆ ಬರುತ್ತದೆ. ಕಡಿಮೆಯಾದರೆ ಸೋಮಾರಿಯಂತೆ ತಡವಾಗಿ ತಿರುಗುತ್ತದೆ. ‘ರೆಸ್ಪಾನ್ಸ್’ ಎಂದರೆ ಎಷ್ಟು ಸಣ್ಣ ತಪ್ಪಿಗೂ ಓಗೊಡಬೇಕೆಂಬುದು. ಎಂಜಿನ್ ಮೇಲೆ, ಸಮನೀರಿನಲ್ಲಿ 40 ಡಿಗ್ರಿ ತಿರುಗುವಂತೆ ಹೇಳಿ. ಹೊಸ ದಿಕ್ಕಿಗೆ ಬಂದು ಸ್ವಲ್ಪವೇ, ನಾಲ್ಕೈದು ಡಿಗ್ರಿ ಮೀರಿ ಸರಿಹೋದರೆ ಗೇನ್ ಸರಿಯಿದೆ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಬರೆದಿಟ್ಟುಕೊಳ್ಳಿ. ಹಿಂಬದಿ ಅಲೆಯ ಮಧ್ಯಾಹ್ನಗಳಲ್ಲಿ ರೆಸ್ಪಾನ್ಸ್ ಒಂದು ಮೆಟ್ಟಿಲು ಏರಿಸಿದರೆ ಲಾಭವಿದೆ, ಬ್ಯಾಟರಿಯೂ ಹೆಚ್ಚು ಖರ್ಚಾಗುತ್ತದೆ.

ಹೈಡ್ರಾಲಿಕ್ ಸ್ಟಿಯರಿಂಗ್‌ನ ಬೋಟಿಗೆ ಆಟೋಪೈಲಟ್ ಹಾಕಿಸಿಕೊಂಡವರಿಗೂ ಇದೇ ಕ್ರಮ ನಡೆಯುತ್ತದೆ. ಬೆಲ್ಟಿನ ಬದಲು ಎಣ್ಣೆಯ ಮಟ್ಟ, ಪೈಪಿನೊಳಗೆ ಸಿಕ್ಕಿದ ಗಾಳಿ, ಸೋರುವ ಸೀಲು ನೋಡಬೇಕು, ಅಷ್ಟೇ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಜಾರುವ ಬೆಲ್ಟಿಗೆ ಗ್ರೀಸ್ ಅಥವಾ ತುಕ್ಕುಬಿಡಿಸುವ ಸ್ಪ್ರೇ ಹೊಡೆಯುವುದು. ಅದು ಇನ್ನಷ್ಟು ಜಾರುತ್ತದೆ, ರಬ್ಬರೂ ಕೆಡುತ್ತದೆ.

ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡ ಫ್ಯೂಸ್ ಹಾಕುವುದು. ಮೋಟಾರು ಎಲ್ಲೋ ಬಿಗಿಯುತ್ತಿದೆ ಎಂದು ಫ್ಯೂಸ್ ಹೇಳುತ್ತಿದೆ. ಆ ಮಾತು ಕೇಳದಿದ್ದರೆ ಮುಂದೆ ತಂತಿಯೇ ಸುಡುತ್ತದೆ.

ಮಳೆಗಾಲದಲ್ಲಿ ಯಂತ್ರವನ್ನು ಚಕ್ರದ ಮೇಲೆಯೇ ಬಿಡುವುದು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವಂತೆ ಹಾಯಿದೋಣಿಗೂ ಅದು ವಿಶ್ರಾಂತಿಯ ಕಾಲ. ಚಕ್ರ ಬಿಚ್ಚಿ ಯಂತ್ರ ತೆಗೆದು, ಸಿಹಿನೀರಿನಲ್ಲಿ ಒರೆಸಿ, ಮನೆಯೊಳಗೆ ಒಣ ಜಾಗದಲ್ಲಿ ಇಡಿ. ದೋಣಿಯಲ್ಲಿ ಉಳಿಯುವ ಕನೆಕ್ಟರ್‌ಗಳಿಗೆ ವ್ಯಾಸಲಿನ್ ಸವರಿ ಮುಚ್ಚಳ ಹಾಕಿ.

ಎಚ್ಚರಿಕೆ

ಆಟೋಪೈಲಟ್ ದಿಕ್ಕು ಹಿಡಿಯುತ್ತದೆ, ಕಾವಲು ಕಾಯುವುದಿಲ್ಲ. ರಾತ್ರಿ ಮಲ್ಪೆಯ ಹೊರಗೆ ಟ್ರಾಲ್ ಬೋಟುಗಳೂ ಪರ್ಸೀನ್ ಬೋಟುಗಳೂ ತುಂಬಿರುತ್ತವೆ. ನಾಡದೋಣಿಯವರು ಬಿಟ್ಟ ಬಲೆಯ ತೇಲುಗುಂಡು ಬರಿಗಣ್ಣಿಗೂ ಕಷ್ಟದಲ್ಲಿ ಕಾಣುತ್ತದೆ. ಬಲೆ ಆ ಕುಟುಂಬದ ಜೀವನ. ಅದನ್ನು ಕತ್ತರಿಸಿ ಹೋಗುವುದು ಅವರ ಅನ್ನ ಕಸಿದಂತೆ, ನಿಮ್ಮ ಪ್ರೊಪೆಲ್ಲರಿಗೂ ಅಪಾಯ. ಒಬ್ಬರು ಸದಾ ಮೇಲೆ ಎಚ್ಚರವಿರಬೇಕು.

ಯಂತ್ರದ ಕೈಯಲ್ಲಿ ಚುಕ್ಕಾಣಿ ಇರುವಾಗ ನೀವು ಕಡಲಿಗೆ ಬಿದ್ದರೆ ದೋಣಿ ನಿಲ್ಲದೆ ಹೋಗುತ್ತಲೇ ಇರುತ್ತದೆ. ಒಬ್ಬರೇ ಮೇಲಿದ್ದಾಗ ಸೊಂಟದ ಹಗ್ಗವನ್ನು ದೋಣಿಗೆ ಕೊಕ್ಕೆ ಹಾಕಿರಿ. ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಸ್ಟ್ಯಾಂಡ್‌ಬೈ ಗುಂಡಿ ಮತ್ತು ಕ್ಲಚ್ ಲಿವರ್ ಎಲ್ಲಿವೆಯೆಂದು ಹೊರಡುವ ಮೊದಲೇ ತೋರಿಸಿ, ಅವರ ಕೈಯಿಂದಲೇ ಬಿಡಿಸಿ ನೋಡಿ. ತಿರುಗುವ ಕಡ್ಡಿಗಳ ನಡುವೆ ಕೈ ತೂರಿಸಬೇಡಿ. ಪಂಚೆ, ಬೈರಾಸು ಚಕ್ರದ ಹತ್ತಿರ ಜೋಲಬಾರದು. ಅಳಿವೆ ಹತ್ತಿರವಾದಾಗ, ಬಂದರಿನ ಕಲ್ಲುಗೋಡೆಯ ನಡುವೆ, ಬೇರೆ ಬೋಟು ಪಕ್ಕದಲ್ಲಿದ್ದಾಗ ಪೈಲಟ್ ಬೇಡ, ಕೈಯಲ್ಲೇ ನಡೆಸಿ.

ದಾರಿಯಲ್ಲೇ ಪೂರ್ತಿ ನಿಂತರೆ

ಹಾಯಿ ಕಡಿಮೆ ಮಾಡಿ, ಚಕ್ರ ಹಗುರಾಗುವಂತೆ ಹೊಂದಿಸಿ, ಚಕ್ರದ ಬ್ರೇಕ್ ಹಾಕಿ ನೋಡಿ. ಗಾಳಿಗೆ ಎದುರಾಗಿ ಹೋಗುವಾಗ ಅನೇಕ ದೋಣಿಗಳು ಹಾಗೆಯೇ ಒಂದಷ್ಟು ಹೊತ್ತು ದಿಕ್ಕು ಹಿಡಿಯುತ್ತವೆ. ಹಿಂದಿನ ಗಾಳಿಯಲ್ಲಿ ಹಿಡಿಯುವುದಿಲ್ಲ. ಕೈಯಲ್ಲೇ ನಡೆಸಬೇಕಾದರೆ ಒಬ್ಬರಿಗೆ ಒಂದು ಗಂಟೆಗಿಂತ ಹೆಚ್ಚು ಪಾಳಿ ಬೇಡ. ಎಲ್ಲರೂ ದಣಿದಿದ್ದರೆ ಮುಂದಿನ ಹಾಯಿಯನ್ನು ಎದುರು ಬದಿಗೆ ಕಟ್ಟಿ, ಚಕ್ರವನ್ನು ಗಾಳಿಯ ಕಡೆಗೆ ಪೂರ್ತಿ ತಿರುಗಿಸಿ ಬಿಗಿದು, ಬೋಟುಗಳಿಂದ ದೂರದ ಆಳದಲ್ಲಿ ದೋಣಿಯನ್ನು ತೇಲಬಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ. ಕಾವಲಿಗೆ ಆಗಲೂ ಒಬ್ಬರು ಬೇಕು. ಗೊತ್ತಿಲ್ಲದ ಬಂದರಿಗೆ ಕತ್ತಲಲ್ಲಿ ನುಗ್ಗಬೇಡಿ, ಬೆಳಕಾಗಲಿ. ಜೀವಕ್ಕೆ ಅಪಾಯ ಬಂದರೆ ವಿಎಚ್‌ಎಫ್ 16ನೇ ಚಾನೆಲ್, ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554.

ಮುಂದಿನ ಸಲ ಹೊರಡುವಾಗ ಜೊತೆಗಿರಬೇಕಾದವು: ಒಂದು ಬಿಡಿ ಬೆಲ್ಟ್, ಕಾರ್ಬನ್ ಬ್ರಷ್ ಜೋಡಿ, ಸರಿಯಾದ ಅಳತೆಯ ಐದಾರು ಫ್ಯೂಸ್, ಮಲ್ಟಿಮೀಟರ್, ತವರ ಲೇಪದ ತಂತಿ. ಬೆಲ್ಟ್ ಸಿಗದೆ ಹೋದರೆ ಹಳೆಯದರ ಹಲ್ಲುಗಳನ್ನು ಎಣಿಸಿ, ಹಲ್ಲಿನಿಂದ ಹಲ್ಲಿಗೆ ಇರುವ ಅಂತರ ಮತ್ತು ಅಗಲ ಅಳೆದು, ಟೈಮಿಂಗ್ ಬೆಲ್ಟ್ ಮಾರುವ ಬೇರಿಂಗ್ ಅಂಗಡಿಯಲ್ಲಿ ಕೇಳಿ. ಪೆಟ್ಟಿಗೆಯನ್ನೇ ರಿಪೇರಿಗೆ ಕಳುಹಿಸಬೇಕಾಗಿ ಬಂದರೆ ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆಯಬೇಡಿ. ಮೋಟಾರು ತಿರುಗುವಾಗಿನ ವೋಲ್ಟೇಜ್, ಮೋಟಾರನ್ನು ನೇರ ಪರೀಕ್ಷಿಸಿದ ಫಲ, ದಿಕ್ಸೂಚಿ ತೋರಿಸಿದ ದೋಷ, ಯಾವ ಗಾಳಿಯಲ್ಲಿ ತೊಂದರೆ ಶುರುವಾಯಿತು ಎಂಬುದು, ಈ ನಾಲ್ಕನ್ನು ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಯೊಂದಿಗೇ ಕಳುಹಿಸಿ.